ಕೈಗೆ ಕೆಲಸ, ಮನಸ್ಸಿಗೆ ಮಾತು: ಗದಗ ಸೀಮೆಯ ಒಂಬತ್ತು ಸೂತ್ರಗಳು

ಬ್ರಿಟನ್ನಿನ ಚಿತ್ರಕಾರ ಏಡ್ರಿಯನ್ ಹಿಲ್ ಕ್ಷಯರೋಗದಿಂದ ಆಸ್ಪತ್ರೆ ಸೇರಿದ್ದಾಗ ಚಿತ್ರ ಬರೆಯುತ್ತ ಚೇತರಿಸಿಕೊಂಡ. ಜೊತೆಯ ರೋಗಿಗಳ ಕೈಗೂ ಕುಂಚ ಕೊಡಿಸಿದ. 1942ರಲ್ಲಿ ಆತ ಇದಕ್ಕೆ ‘ಆರ್ಟ್ ಥೆರಪಿ’ ಎಂದು ಹೆಸರಿಟ್ಟ. ಅಷ್ಟು ಹೊತ್ತಿಗಾಗಲೇ ನಮ್ಮ ಪಂಚಾಕ್ಷರ ಗವಾಯಿಗಳು ಕಣ್ಣಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಸ್ವರ ಹೇಳಿಕೊಡುತ್ತಿದ್ದರು, ಆ ಸ್ವರದಿಂದಲೇ ಅವರ ಬದುಕು ಕಟ್ಟುತ್ತಿದ್ದರು. ಕಲೆ ಮನುಷ್ಯನನ್ನು ಎತ್ತಿ ನಿಲ್ಲಿಸುತ್ತದೆ ಎಂಬುದನ್ನು ಗದಗ ಸೀಮೆಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. ಕೈಗೆ ದಿನವೂ ಒಂದಿಷ್ಟು ಕೆಲಸ ಕೊಟ್ಟರೆ, ಬಾಯಿಗೆ ಬಾರದ ಮಾತು ಹೊರಬರುತ್ತದೆ. ಅದಕ್ಕೆ ಬೇಕಾದ ಸಾಮಾನೆಲ್ಲ ನಮ್ಮ ಓಣಿಯಲ್ಲೇ ಇದೆ.

1. ಚಂದ ಬರಲೇಬೇಕೆಂಬ ಹಟ ಬಿಡಿ

“ನನಗೆಲ್ಲಿ ಚಿತ್ರ ಬರತದರೀ” ಎಂಬ ಮಾತೇ ಮೊದಲ ಅಡ್ಡಿ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು 39 ಮಂದಿಗೆ ಮಣ್ಣು, ಬಣ್ಣದ ಪೆನ್ನು, ಅಂಟಿಸುವ ಕಾಗದ ಕೊಟ್ಟು 45 ನಿಮಿಷ ಬಿಟ್ಟರು. 2016ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಇಳಿದಿತ್ತು. ಮೊದಲೇ ಕಲೆ ಗೊತ್ತಿದ್ದವರಿಗೂ ಏನೂ ಗೊತ್ತಿಲ್ಲದವರಿಗೂ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ವಕ್ರ ಗೆರೆ ಎಳೆದರೂ ಲಾಭ ನಿಮ್ಮದೇ.

2. ಮಣ್ಣಿನಿಂದ ಶುರು ಮಾಡಿ

ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಗಳಂದು ಗುಳ್ಳವ್ವ, ಪಂಚಮಿಗೆ ನಾಗಪ್ಪ. ಮುಂಗಾರಿನ ದಿನಗಳಲ್ಲಿ ನಮ್ಮ ಹಿರಿಯರು ಮನೆಮಂದಿಯ ಕೈಗೆ ಸಾಲುಸಾಲಾಗಿ ಮಣ್ಣು ಕೊಟ್ಟಿದ್ದಾರೆ. ಈಗ ಪೇಟೆಯಿಂದ ತಂದ ಎತ್ತುಗಳನ್ನು ಜಗಲಿಯ ಮೇಲಿಟ್ಟು ಪೂಜಿಸಿ ಮುಗಿಸುತ್ತೇವೆ. ಈ ಸಲ ನೀವೇ ಮಾಡಿ. ಕೆರೆಯ ಜಿಗುಟು ಮಣ್ಣು ತಂದು, ಕಲ್ಲು ಕಡ್ಡಿ ಆರಿಸಿ, ನೀರು ಚಿಮುಕಿಸಿ ನಾದಿ. ನೀರು ಹೆಚ್ಚಾದರೆ ಕಾಲು ಕುಸಿಯುತ್ತದೆ, ಕಡಿಮೆಯಾದರೆ ಕೋಡು ಬಿರುಕು ಬಿಡುತ್ತದೆ. ಹೆಬ್ಬೆರಳು ಒತ್ತಿ ಹಿಣಿಲು ಎಬ್ಬಿಸುವ ಹೊತ್ತಿಗೆ ತಲೆಯೊಳಗಿನ ಗದ್ದಲ ಎಷ್ಟು ಇಳಿದಿದೆ ಎಂದು ನೋಡಿಕೊಳ್ಳಿ. ನಿಮ್ಮ ತಾಳ್ಮೆ ಎಷ್ಟು, ಅವಸರ ಎಷ್ಟು ಎಂಬುದನ್ನು ಆ ಎತ್ತೇ ಹೇಳುತ್ತದೆ.

3. ಹೊತ್ತು ಗೊತ್ತುಮಾಡಿ

ಕುಮಾರವ್ಯಾಸ ಗದಗಿನ ವೀರನಾರಾಯಣ ಗುಡಿಯಲ್ಲಿ ಒದ್ದೆ ಬಟ್ಟೆಯಲ್ಲಿ ಕುಳಿತು, ಅದು ಆರುವತನಕ ಕಾವ್ಯ ಹೇಳುತ್ತಿದ್ದನೆಂಬುದು ಪ್ರತೀತಿ. ಪ್ರತೀತಿಯೊಳಗಿನ ಬುದ್ಧಿಮಾತು ದೊಡ್ಡದು: ಸ್ಥಳ ಒಂದೇ, ಹೊತ್ತಿಗೆ ಮಿತಿ, ದಿನವೂ ತಪ್ಪದ ಹಾಜರಿ. ಸ್ಫೂರ್ತಿ ಬರಲೆಂದು ಕಾಯುತ್ತ ಕೂತರೆ ವರ್ಷ ಕಳೆಯುತ್ತದೆ. ಬೆಳಗಿನ ಇಪ್ಪತ್ತು ನಿಮಿಷ, ಮನೆಯ ಒಂದೇ ಮೂಲೆ, ಮೊಬೈಲ್ ಇನ್ನೊಂದು ಕೋಣೆಯಲ್ಲಿ. ಇಷ್ಟು ಸಾಕು.

4. ನಿಮ್ಮನ್ನು ಎಳೆಯುವುದು ಯಾವುದು, ಗುರುತಿಸಿ

ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ ಹುಡುಗನಾಗಿದ್ದಾಗ ಭಜನೆ, ಮೆರವಣಿಗೆಗಳ ಬೆನ್ನು ಹತ್ತಿ ಹೋಗಿ, ದಣಿದು ಎಲ್ಲೆಂದರಲ್ಲಿ ಮಲಗಿಬಿಡುತ್ತಿದ್ದರಂತೆ. ಬೇಸತ್ತ ತಂದೆ ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದ ಕತೆ ಪ್ರಸಿದ್ಧ. ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟ ಆ ಹುಡುಗನನ್ನು ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರು ತಿದ್ದಿದರು. ನೀವು ಮನೆ ಬಿಡಬೇಕಾಗಿಲ್ಲ. ಯಾವ ಕೆಲಸ ಮಾಡುವಾಗ ಹಸಿವೆ ಮರೆಯುತ್ತೀರಿ? ಯಾವ ಸದ್ದು, ಯಾವ ಬಣ್ಣ ಕಂಡರೆ ಕಾಲು ನಿಲ್ಲುತ್ತದೆ? ಒಂದು ವಾರ ಬರೆದಿಡಿ. ಪಟ್ಟಿ ನೋಡಿದಾಗ ನಿಮ್ಮ ಪರಿಚಯ ನಿಮಗಾಗುತ್ತದೆ.

5. ಒಂದು ಬಾಗಿಲು ಮುಚ್ಚಿದ್ದರೆ ಇನ್ನೊಂದನ್ನು ತಟ್ಟಿ

ಪುಟ್ಟರಾಜ ಗವಾಯಿಗಳಿಗೆ ಎಳವೆಯಲ್ಲೇ ದೃಷ್ಟಿ ಹೋಯಿತು. ಆದರೂ ಹಾಡಿದರು, ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ನುಡಿಸಿದರು, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಬರೆದರು. ಗುರು ಪಂಚಾಕ್ಷರ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದ ಮೇಲೆ 2010ರವರೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದರು. ನಾಟಕ ಬರೆದು, ಕಂಪನಿ ಕಟ್ಟಿ, ಅದರ ದುಡಿಮೆಯಿಂದಲೂ ಆಶ್ರಮದ ಮಕ್ಕಳ ಅನ್ನಕ್ಕೆ ದಾರಿ ಮಾಡಿದರು. ಕುಂಚ ಒಲಿಯದಿದ್ದರೆ ತಾಳ ಹಿಡಿಯಿರಿ. ಕಂಠ ಒಲಿಯದಿದ್ದರೆ ಸೂಜಿ ಹಿಡಿಯಿರಿ.

6. ಹಳೆಯದನ್ನು ಕೌದಿ ಮಾಡಿ

ತೀರಿಹೋದ ಅವ್ವನ ಇಳಕಲ್ ಸೀರೆ, ಅಪ್ಪನ ಧೋತರ, ಮಗಳ ಚಿಕ್ಕ ಲಂಗ. ಟ್ರಂಕಿನಲ್ಲಿಟ್ಟು ಬೀಗ ಹಾಕಿದರೆ ಅವು ನೋವಾಗಿಯೇ ಉಳಿಯುತ್ತವೆ. ತುಂಡು ಕತ್ತರಿಸಿ, ಪದರ ಜೋಡಿಸಿ, ಅಂಚಿನಿಂದ ಒಳಕ್ಕೆ ಸಾಲು ಹೊಲಿಗೆ ಹಾಕುತ್ತ ಬನ್ನಿ. ಯಾವ ತುಂಡನ್ನು ನಡುವೆ ಇಡುತ್ತೀರಿ, ಯಾವುದನ್ನು ಕೆಳಪದರಕ್ಕೆ ಸೇರಿಸುತ್ತೀರಿ, ಯಾವುದಕ್ಕೆ ಕತ್ತರಿ ಹಾಕಲು ಕೈ ಬರುವುದಿಲ್ಲ ಎಂದು ಗಮನಿಸಿ. ಮನಸ್ಸಿನಲ್ಲಿ ಯಾರು ಎಲ್ಲಿದ್ದಾರೆ ಎಂಬುದು ಅಲ್ಲಿ ತಿಳಿಯುತ್ತದೆ. ಓಣಿಯ ನಾಲ್ವರು ಕೂಡಿ ಕೂತರೆ ಹೊಲಿಗೆಯ ಜೊತೆ ಅಳು, ನಗು ಎರಡೂ ಸಲೀಸಾಗಿ ಬರುತ್ತವೆ.

7. ನಿಂತು ನೋಡಿ, ನೋಡಿದ್ದನ್ನು ಗೀಚಿ

ಲಕ್ಷ್ಮೇಶ್ವರದವರು ಸೋಮೇಶ್ವರ ಗುಡಿಗೆ ಹೋಗಿ, ನಂದಿಯ ಮೇಲೆ ಕುಳಿತ ಶಿವ ಪಾರ್ವತಿಯರನ್ನು ಕೈಮುಗಿದಾದ ಮೇಲೂ ಹತ್ತು ನಿಮಿಷ ನೋಡಿ. ಗದಗಿನವರಿಗೆ ತ್ರಿಕೂಟೇಶ್ವರದ ಆವರಣದಲ್ಲಿ ಸರಸ್ವತಿ ಗುಡಿಯ ಕಂಬಗಳಿವೆ. ಶಿರಹಟ್ಟಿ ಕಡೆಯವರಿಗೆ ಚಳಿಗಾಲದಲ್ಲಿ ಮಾಗಡಿ ಕೆರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. ಮುಂಡರಗಿಯವರಿಗೆ ಕಪ್ಪತಗುಡ್ಡ, ಬೇಸಿಗೆಯಲ್ಲಿ ಕಂದು, ಮಳೆ ಬಿದ್ದ ಮೇಲೆ ಹಸಿರು. ಒಂದು ನೋಟ ಆರಿಸಿ, ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು ಗೀಚಿ. ವರ್ಷದ ಹನ್ನೆರಡು ಹಾಳೆ ಒಟ್ಟಿಗೆ ಹರವಿದಾಗ ಗುಡ್ಡ ಎಷ್ಟು ಬದಲಾಯಿತು, ನೀವೆಷ್ಟು ಬದಲಾದಿರಿ ಎರಡೂ ಕಾಣುತ್ತವೆ.

8. ಹೊಟ್ಟೆಪಾಡನ್ನೂ ಕಲೆಯನ್ನೂ ಜೋಡಿ ನಡೆಸಿ

ಹುಯಿಲಗೋಳ ನಾರಾಯಣರಾಯರು ಗದಗಿನಲ್ಲಿ ವಕೀಲಿ ಮಾಡುತ್ತಲೇ ಪದ್ಯ, ನಾಟಕ ಬರೆದವರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಅವರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಮೊಳಗಿ ಏಕೀಕರಣದ ಹಾಡಾಯಿತು. ನೌಕರಿ ಬಿಟ್ಟರೆ ಮಾತ್ರ ಕಲೆ ಎಂದುಕೊಳ್ಳಬೇಡಿ. ಬೆಟಗೇರಿಯ ಮಗ್ಗದ ಮುಂದೆ ಕುಳಿತವರಿಗೆ ದುಡಿಮೆಯೊಳಗೇ ಬಣ್ಣವಿದೆ. ಅಂಗಡಿಯ ಲೆಕ್ಕ ಮುಗಿಸಿದ ಮೇಲೆ ಭಜನೆಗೆ ಕೂರುವವರೂ ಇದ್ದಾರೆ. ಸಂತೆಯ ದಿನವೂ ಅರ್ಧ ಪುಟ ಬರೆಯಬಹುದು.

9. ಬರೆದು ಹಗುರಾಗಿ, ಭಾರ ಹೆಚ್ಚಿದ್ದರೆ ನೆರವು ಕೇಳಿ

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ವಿದ್ಯಾರ್ಥಿಗಳಿಗೆ ಸರಳ ಕೆಲಸ ಕೊಟ್ಟರು: ಸತತ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ಮನಸ್ಸಿಗೆ ಆದ ದೊಡ್ಡ ನೋವಿನ ಬಗ್ಗೆ ಬರೆಯಿರಿ. ನೋವನ್ನೂ ಅದರ ಹಿಂದಿನ ಭಾವನೆಯನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದದ್ದು ಕಡಿಮೆಯಾಯಿತು. ಕಾಗುಣಿತದ ಚಿಂತೆ ಬೇಡ. ಬರೆದದ್ದನ್ನು ಯಾರಿಗೂ ತೋರಿಸಬೇಕಾಗಿಲ್ಲ, ಹರಿದು ಹಾಕಿದರೂ ಸರಿ.

ಆದರೆ ನಿದ್ದೆ ಕೆಟ್ಟು ವಾರಗಳಾಗಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ, ಬರೆಯುವಾಗ ಹಳೆಯ ಗಾಯ ಇನ್ನಷ್ಟು ಕೆರಳುತ್ತಿದ್ದರೆ ಒಬ್ಬರೇ ಹೊತ್ತು ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹತ್ತಿರದಲ್ಲೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ತರಬೇತಿ ಪಡೆದವರ ಕೈಯಲ್ಲಿ ನಡೆಯುವ ಕಲಾ ಚಿಕಿತ್ಸೆಯೇ ಬೇರೆ, ಮನೆಯಲ್ಲಿ ನಾವು ಮಾಡಿಕೊಳ್ಳುವ ಅಭ್ಯಾಸವೇ ಬೇರೆ. ಎರಡಕ್ಕೂ ಅದರದರ ಜಾಗವಿದೆ.

ಒಂಬತ್ತನ್ನೂ ಒಮ್ಮೆಲೇ ಹಿಡಿಯಬೇಡಿ. ಒಂದನ್ನು ಆರಿಸಿ ಒಂದು ತಿಂಗಳು ಬಿಡದೆ ಮಾಡಿ. ತಿಂಗಳ ಕೊನೆಗೆ ಮೂರೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಮಾಡುವಾಗ ಏನನ್ನು ಮರೆತೆ? ಯಾವುದು ಮತ್ತೆಮತ್ತೆ ನೆನಪಾಯಿತು? ಇದರಿಂದ ನಾಳೆ ಏನನ್ನು ಬೇರೆ ರೀತಿ ಮಾಡುತ್ತೇನೆ? ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕ ದಿನ ನೀವು ಬೆಳೆದಿದ್ದೀರಿ ಎಂದೇ ಅರ್ಥ.