ಮನೆ ಸಾಲ, ಸರ್ಕಾರದ ಸಾಲ ಮತ್ತು ನಮ್ಮೂರ ಎಣ್ಣೆ

ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ಸರ್ಕಾರದ ಬಜೆಟ್ ಒಂದು ಅಧ್ಯಾಯ, ವಿದೇಶ ವ್ಯಾಪಾರ ಇನ್ನೊಂದು. ಪರೀಕ್ಷೆಗೆ ಎರಡನ್ನೂ ಬೇರೆ ಬೇರೆಯಾಗಿ ಓದುತ್ತೇವೆ. ಆದರೆ ಇವೆರಡೂ, ಜೊತೆಗೆ ಜನರ ಮನೆ ಸಾಲವೂ ಒಂದೇ ಲೆಕ್ಕದಲ್ಲಿ ಸೇರುತ್ತವೆ.

ಒಂದು ದೇಶದ ಜನ ಮತ್ತು ಕಂಪನಿಗಳು ವರ್ಷಕ್ಕೆ 100 ರೂಪಾಯಿ ಉಳಿಸುತ್ತಾರೆ ಎಂದುಕೊಳ್ಳಿ. ಅದರಲ್ಲಿ 80 ರೂಪಾಯಿ ಹೊಸ ಮನೆ, ಯಂತ್ರ, ಕಾರ್ಖಾನೆಗಳಿಗೆ ಹೋಗುತ್ತದೆ. ಉಳಿದ 20 ರೂಪಾಯಿಯನ್ನು ಸರ್ಕಾರ ತನ್ನ ವಿತ್ತೀಯ ಕೊರತೆಗೆ ಸಾಲ ಪಡೆಯುತ್ತದೆ. ಲೆಕ್ಕ ಸರಿಹೋಯಿತು. ಮರುವರ್ಷ ಬ್ಯಾಂಕುಗಳು ಧಾರಾಳವಾಗಿ ಮನೆ ಸಾಲ ಕೊಟ್ಟವು, 80 ಇದ್ದದ್ದು 95 ಆಯಿತು. ಉಳಿತಾಯ ಮಾತ್ರ 100ರಲ್ಲೇ ಇದೆ, ಸರ್ಕಾರಕ್ಕೂ 20 ಬೇಕೇ ಬೇಕು. ಕಡಿಮೆ ಬಿದ್ದ 15 ರೂಪಾಯಿ ಹೊರದೇಶದಿಂದ ಬರಬೇಕು. ಅಂದರೆ ದೇಶ ಹೊರಗೆ ಮಾರಿ ಗಳಿಸುವುದಕ್ಕಿಂತ 15 ರೂಪಾಯಿ ಹೆಚ್ಚಿಗೆ ಕೊಳ್ಳುತ್ತಿದೆ. ಇದೇ ಚಾಲ್ತಿ ಖಾತೆ ಕೊರತೆ.

ನಮ್ಮ ಮನೆಯಲ್ಲಿ ಮನೆ ಸಾಲದ ಮಾತು ‘ಬಡ್ಡಿ’ ಎಂಬ ಪದ ಬಂದ ಕೂಡಲೇ ನಿಂತುಹೋಗುತ್ತದೆ. ಅಬ್ಬಾ ದುಡ್ಡು ಕೂಡಿದಾಗಲೆಲ್ಲ ಒಂದೊಂದೇ ಕೋಣೆ ಕಟ್ಟಿಸುತ್ತಾರೆ. ಇಲ್ಲಿ ಉಳಿತಾಯ ಮೊದಲು, ಗೋಡೆ ಆಮೇಲೆ. ಹೀಗೆ ಕಟ್ಟಿದರೆ ಮೇಲಿನ ಲೆಕ್ಕದಲ್ಲಿ ಕೊರತೆ ಬೀಳುವುದಿಲ್ಲ. (ಮನೆ ಮುಗಿಯುವುದು ಯಾವಾಗ ಎಂದು ಅಮ್ಮಿ ಕೇಳುತ್ತಾರೆ, ಅದು ಬೇರೆ ವಿಷಯ.)

ಅಮೆರಿಕದಲ್ಲಿ ನಡೆದದ್ದು ಇದರ ತಿರುವು ಮುರುವು. ಚೀನಾದಂಥ ದೇಶಗಳು ಅಲ್ಲಿಗೆ ಸರಕು ಮಾರಿ ಗಳಿಸಿದ ಡಾಲರನ್ನು ಮತ್ತೆ ಅಮೆರಿಕಕ್ಕೇ ಸಾಲ ಕೊಟ್ಟವು. ಹಣ ಸಲೀಸಾಗಿ ಸಿಕ್ಕಿದ್ದರಿಂದ ತೀರಿಸಲು ಶಕ್ತಿಯಿಲ್ಲದವರಿಗೂ ಮನೆ ಸಾಲ ದೊರೆಯಿತು. ಮನೆಗಳ ಬೆಲೆ ಕುಸಿದಾಗ ಸಾಲ ಕೊಟ್ಟವರೂ ಮುಳುಗಿದರು. 2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಬ್ಯಾಂಕುಗಳನ್ನು ಉಳಿಸಲು ಸರ್ಕಾರ ಖರ್ಚು ಮಾಡಬೇಕಾಗಿ ಬಂದು, ಜನರ ಸಾಲ ಸರ್ಕಾರದ ಕೊರತೆಯಾಯಿತು.

ಭಾರತಕ್ಕೆ 1991ರಲ್ಲಿ ಪೆಟ್ಟು ಬಿದ್ದದ್ದು ಮನೆ ಸಾಲದಿಂದಲ್ಲ. ಸರ್ಕಾರದ ಕೊರತೆ ಮೊದಲೇ ದೊಡ್ಡದಿತ್ತು, ಕೊಲ್ಲಿ ಯುದ್ಧದಿಂದ ಕಚ್ಚಾ ತೈಲವೂ ದುಬಾರಿಯಾಯಿತು. ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ವಿದೇಶಿ ವಿನಿಮಯ ಉಳಿದಿದ್ದಾಗ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನ ಅಡವಿಟ್ಟಿತು.

ಈಗ ನಮ್ಮೂರಿಗೆ ಬರೋಣ. ಚಳ್ಳಕೆರೆಗೆ ‘ಎಣ್ಣೆ ನಗರ’ ಎಂಬ ಹೆಸರು ಬಂದದ್ದು ಶೇಂಗಾದಿಂದ. ಆದರೆ ಭಾರತ ತನಗೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತದೆ. ಇಂಡೋನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆಯೇ ಇದರಲ್ಲಿ ಮುಖ್ಯ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರವು ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ. 20ಕ್ಕೆ ಏರಿಸಿತು. ಬೆಲೆ ಏರಿತೆಂದು 2025ರ ಮೇ ಕೊನೆಯಲ್ಲಿ ಶೇ. 10ಕ್ಕೆ ಇಳಿಸಿತು. ಸುಂಕ ಏರಿದರೆ ಶೇಂಗಾ ಬೆಳೆಯುವವರಿಗೂ ಗಾಣದವರಿಗೂ ಆಸರೆ, ತಿಂಗಳಿಗೆ ನಾಲ್ಕೈದು ಪ್ಯಾಕೆಟ್ ಎಣ್ಣೆ ಕೊಳ್ಳುವ ಮನೆಗೆ ಹೊರೆ.

ಮೊಳಕಾಲ್ಮುರಿನ ರೇಷ್ಮೆಯ ಕಥೆ ಇನ್ನೂ ಸೂಕ್ಷ್ಮ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಸುಂಕ ಶೇ. 30ರಿಂದ 5ಕ್ಕೆ ಇಳಿಯಿತು, 2013ರಲ್ಲಿ ಶೇ. 15 ಆಯಿತು. ಸುಂಕ ಇಳಿದರೆ ಚೀನಾ ನೂಲು ಅಗ್ಗವಾಗಿ ಸೀರೆ ನೇಯುವವನಿಗೆ ಅನುಕೂಲ, ಗೂಡು ಬೆಳೆಯುವ ರೈತನಿಗೆ ನಷ್ಟ. ನಮ್ಮ ತರಗತಿಯಲ್ಲೇ ಒಬ್ಬನ ಮನೆಯಲ್ಲಿ ಮಗ್ಗ, ಇನ್ನೊಬ್ಬನ ಹೊಲದಲ್ಲಿ ಹಿಪ್ಪುನೇರಳೆ. ಇಬ್ಬರನ್ನೂ ಕೇಳಿದೆ, ಇಬ್ಬರ ಉತ್ತರವೂ ಬೇರೆ.

ಸುಂಕ ಹಾಕಿದರೆ ದೇಶದ ಕೊರತೆ ಹೋಗುತ್ತದೆ ಎಂದು ಹಲವರು ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. 100, 95, 20ರ ಲೆಕ್ಕ ಹಾಗೆಯೇ ಇದ್ದರೆ ಆ 15 ರೂಪಾಯಿ ಎಣ್ಣೆಯಲ್ಲಿ ಕಡಿಮೆಯಾದರೂ ಮೊಬೈಲಿನಲ್ಲೋ ಚಿನ್ನದಲ್ಲೋ ಮತ್ತೆ ಕಾಣಿಸಿಕೊಳ್ಳುತ್ತದೆ. ಅದರ ಭಾರ ಯಾರ ಮನೆ ಮೇಲೆ ಎಷ್ಟು ಬೀಳುತ್ತದೆ ಎಂಬುದು ಮಾತ್ರ ಸುಂಕದಿಂದ ಬದಲಾಗುತ್ತದೆ. ಗಾಣದಲ್ಲಿ ಕೂಲಿ ಮಾಡುವವರಿಗೆ ಆ ಬದಲಾವಣೆಯೇನೂ ಚಿಕ್ಕದಲ್ಲ.