ವೃದ್ಧಾಶ್ರಮದಲ್ಲಿರುವವರ ಹಕ್ಕುಗಳೂ ದೂರು ಕೊಡುವ ಕ್ರಮವೂ

ಗೋಕರ್ಣದ ಬಳಿಯಲ್ಲಿ ಓಂಕಾರದಂತೆ ಬಾಗಿರುವ ಓಂ ಬೀಚ್ ಎಂಬ ಕಡಲದಂಡೆಯನ್ನು ನಿಮ್ಮಲ್ಲಿ ಅನೇಕರು ಕಂಡಿರುವಿರಿ. ಪರಸ್ಥಳದವರು ಗುಂಪುಗುಂಪಾಗಿ ಬರಲಾರಂಭಿಸಿದಂದಿನಿಂದ ಆ ಸೀಮೆಯ ನೆಲಕ್ಕೆ ಬೆಲೆ ಬಂದಿದೆ. ಬೆಲೆ ಬಂದ ನೆಲವು ಮುದುಕರ ಹೆಸರಿನಲ್ಲಿದ್ದರೆ ಅವರ ಹೆಬ್ಬೆಟ್ಟಿಗೂ ಬೆಲೆ ಬರುವದು. ದಾನಪತ್ರಕ್ಕೆ ಗುರುತು ಹಾಕಿಸಿಕೊಂಡ ಮೇಲೆ ತಂದೆತಾಯಿಗಳನ್ನು ದೂರದ ಆಶ್ರಮದಲ್ಲಿ ಬಿಟ್ಟು ತಿರುಗಿ ನೋಡದವರು ಯಾವ ಊರಿನಲ್ಲಿಯೂ ಇರಬಹುದು. ಹಾಗೆ ಬಿಡಲ್ಪಟ್ಟವರು, ತಮಗೆ ಇನ್ನು ಕೇಳುವ ಬಾಯಿಲ್ಲವೆಂದು ನೆನಸುತ್ತಾರೆ. ಆ ನೆನಸಿಕೆ ಸರಿಯಲ್ಲ. ಅದು ಯಾಕೆ ಸರಿಯಲ್ಲವೆಂಬದೇ ಈ ಪಾಠದ ವಿಷಯ.

ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣದ ಕಾಯಿದೆಯು 2007ರಲ್ಲಿ ಆಯಿತು. ಅರುವತ್ತು ವರುಷ ತುಂಬಿದವರೆಲ್ಲರೂ ಅದರ ಪ್ರಕಾರ ಹಿರಿಯ ನಾಗರಿಕರು. ಸ್ವಂತ ಸಂಪಾದನೆಯಿಂದಲೂ ಆಸ್ತಿಯಿಂದಲೂ ಜೀವಿಸಲಾರದವರು ಮಕ್ಕಳಿಂದ ತಿಂಗಳಿಗೆ ಹತ್ತು ಸಾವಿರ ರೂಪಾಯಿಯ ವರೆಗೆ ಪೋಷಣೆಯನ್ನು ಕೇಳಬಹುದು. ಇದಕ್ಕಾಗಿ ಇರುವ ನ್ಯಾಯಮಂಡಳಿಗೆ ಉಪವಿಭಾಗದ ಅಧಿಕಾರಿಯೇ, ಅಂದರೆ ನಾವು ಏ.ಸಿ. ಸಾಹೇಬರೆಂದು ಕರೆಯುವವರೇ, ಮುಖ್ಯಸ್ಥರು. ಕುಮಟೆಯಲ್ಲಿಯೂ ಭಟ್ಕಳದಲ್ಲಿಯೂ ಅವರ ಕಚೇರಿಗಳುಂಟು. ವಕೀಲರನ್ನು ನೇಮಿಸಲೇಬೇಕೆಂಬ ಕಟ್ಟಳೆಯಿಲ್ಲ. ಅರ್ಜಿದಾರರು ನಡೆಯಲಾರದವರಾದರೆ ಅವರು ಒಪ್ಪಿ ನೇಮಿಸಿದ ಬೇರೊಬ್ಬರಾಗಲಿ ಒಂದು ಸಂಘವಾಗಲಿ ಅರ್ಜಿಯನ್ನು ಕೊಡಬಹುದು. ಎದುರು ಪಕ್ಷಕ್ಕೆ ನೋಟೀಸು ಮುಟ್ಟಿದ ತೊಂಬತ್ತು ದಿವಸಗಳೊಳಗೆ ತೀರ್ಮಾನವಾಗತಕ್ಕದ್ದು. ವಿಶೇಷ ಕಾರಣವಿದ್ದರೆ ಇನ್ನು ಮೂವತ್ತು ದಿವಸ.

ದಾನಪತ್ರದ ಸಂಗತಿಯನ್ನು ಚೆನ್ನಾಗಿ ಗಮನಿಸಿರಿ. ನನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿಯನ್ನು ಕೊಟ್ಟಿದ್ದು, ತಕ್ಕೊಂಡವನು ಆ ಮಾತನ್ನು ನಡಿಸದೆ ಹೋದರೆ, ಅದೇ ಕಾಯಿದೆಯ 23ನೆಯ ಕಲಮಿನ ಪ್ರಕಾರ ಆ ಪತ್ರವನ್ನು ರದ್ದು ಮಾಡಿಸಬಹುದು. ಆದರೆ ಷರತ್ತು ಇತ್ತೆಂಬದು ಸ್ಥಾಪಿತವಾಗಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಆದದರಿಂದ ಇನ್ನೂ ಸಹಿ ಹಾಕದಿರುವ ಹಿರಿಯರು ಆ ಮಾತನ್ನು ಪತ್ರದೊಳಗೇ ಬರೆಸಬೇಕು. ಮಗನಲ್ಲಿ ಅಪನಂಬಿಕೆ ಯಾಕೆಂದು ಕೆಲವರು ನಾಚುತ್ತಾರೆ. ಒಳ್ಳೇ ಮಗನಿಗೆ ಆ ಒಂದು ಸಾಲು ಭಾರವಾಗದು.

ಇನ್ನು ಆಶ್ರಮದೊಳಗಿನ ಸಂಗತಿ. ಅನ್ನ ತಣ್ಣಗಿದೆ, ಹಾಸಿಗೆ ಒಗೆಯುವದಿಲ್ಲ, ಔಷಧ ತಪ್ಪುತ್ತದೆ, ಪಿಂಚಣಿಯ ಹಣವನ್ನು ಮೇಲ್ವಿಚಾರಕರೇ ಇಟ್ಟುಕೊಳ್ಳುತ್ತಾರೆ, ಬೈಯುತ್ತಾರೆ, ಇಂಥ ದೂರುಗಳು ಒಂದೇ ತೂಕದವುಗಳಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿಯು ಯಾರ ಹೆಸರಿಗೆ ಬರುವದೋ ಅವರದೇ. ಅದರ ಲೆಕ್ಕವನ್ನು ಕೇಳುವದು ಕೃತಘ್ನತೆಯಲ್ಲ.

ನೋಡಲು ಹೋಗುವ ನೀವು ಏನು ಮಾಡಬೇಕು? ಮೊದಲು ಅವರ ಸಂಗಡ ಏಕಾಂತವಾಗಿ ಕೂತುಕೊಳ್ಳಿರಿ, ಮೇಲ್ವಿಚಾರಕರು ಬಾಗಲಲ್ಲಿ ನಿಂತಿರುವಾಗ "ಅಜ್ಜೀ, ಸುಖವೋ?" ಎಂದು ಕೇಳಿದರೆ ಸುಖವೆಂಬ ಉತ್ತರವೇ ಬರುವದು. ಅಮೇರಿಕಾ ದೇಶದಲ್ಲಿ 1972ರಿಂದ ಇಂಥ ಮನೆಗಳ ನಿವಾಸಿಗಳ ದೂರುಗಳನ್ನು ವಿಚಾರಿಸುವವರನ್ನು ನೇಮಿಸುತ್ತಾ ಬಂದಿದ್ದಾರೆ. ನಿವಾಸಿಯ ಒಪ್ಪಿಗೆಯಿಲ್ಲದೆ ಅವರ ಹೆಸರನ್ನು ಹೊರಗೆಡಹಬಾರದೆಂಬದು ಅಲ್ಲಿಯ ನಿಯಮ. ನಾವೂ ಅದನ್ನು ಕಲಿಯತಕ್ಕದ್ದು. ಯಾಕಂದರೆ ನೀವು ದೂರಿಟ್ಟು ಸಂಜೆಯ ಬಸ್ಸಿಗೆ ಮನೆಗೆ ಹೋಗುವಿರಿ, ಆ ಅಜ್ಜಿಯು ರಾತ್ರಿಯನ್ನು ಅಲ್ಲಿಯೇ ಕಳೆಯಬೇಕು. "ಬೇಡ ತಂಗೀ, ಸುಮ್ಮನಿರು" ಎಂದು ಆಕೆ ಹೇಳಿದರೆ ಒತ್ತಾಯ ಮಾಡದೆ ಮುಂದಿನ ವಾರ ತಿರುಗಿ ಹೋಗಿರಿ. ಪ್ರತಿವಾರ ಯಾರೋ ಬರುತ್ತಾರೆಂಬ ತಿಳುವಳಿಕೆಯೇ ಅನೇಕ ತಪ್ಪುಗಳನ್ನು ತಡೆಯುವದು.

ಒಪ್ಪಿದರೆ ಅವರ ಸ್ವಂತ ಮಾತುಗಳಲ್ಲಿ ಬರೆಯಿರಿ: ಯಾವ ದಿವಸ, ಏನಾಯಿತು, ಯಾರು ನೋಡಿದರು, ಏನು ಸರಿಯಾಗಬೇಕು. ಬರೆದದ್ದನ್ನು ಓದಿ ಹೇಳಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿರಿ. ಎರಡು ಪ್ರತಿಗಳಿರಲಿ, ಒಂದರ ಮೇಲೆ ಮುಟ್ಟಿತೆಂಬ ಸಹಿಯನ್ನೂ ತಾರೀಖನ್ನೂ ಪಡೆಯಿರಿ. ಚಿಕ್ಕ ಕೊರತೆಯನ್ನು ಮೊದಲು ಮೇಲ್ವಿಚಾರಕರಿಗೆ, ಆಮೇಲೆ ಆಶ್ರಮದ ಕಮಿಟಿಗೆ ತಿಳಿಸಿದರೆ ಸಾಕಾಗಬಹುದು. ಅಲ್ಲಿ ತೀರದಿದ್ದರೆ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ ಬರೆಯಿರಿ. ಹಣ ಕೊಟ್ಟು ಇರುವವರು ಕಾರವಾರದ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಕೊಟ್ಟ ಹಣವು ಐದು ಲಕ್ಷ ರೂಪಾಯಿಯೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ. ಹೊಡೆತ ಬಡಿತವಾದರೆ ಈ ಮೆಟ್ಟಲುಗಳನ್ನೆಲ್ಲಾ ಕಾಯಬೇಡಿರಿ, 112ಕ್ಕೆ ಫೋನ್ ಮಾಡಿರಿ. ಹಿರಿಯರ ಸಹಾಯವಾಣಿಯ ಸಂಖ್ಯೆ 14567, ಉಚಿತ ಕಾನೂನು ನೆರವಿನದು 15100. ಇವುಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು, ಓದಬಲ್ಲ ಒಬ್ಬ ನಿವಾಸಿಯ ಕೈಯಲ್ಲಿ ಕೊಟ್ಟು ಬನ್ನಿರಿ.