ಬೆಕ್ಕಿನ ವಿಷಯವನ್ನೂ ಬರೆದುಕೊಳ್ಳಿ

ಬಗದಲ್‌ನಿಂದ ಬೀದರ್‌ಗೆ ದಿನಾ ಬಸ್ಸು ಹತ್ತಿ ಕಾಲೇಜಿಗೆ ಹೋಗುವ ಮಕ್ಕಳಿರಾ, ನಿಮಗೊಂದು ಕೆಲಸ ಹೇಳುತ್ತೇನೆ. ಕೂಲಿ ಇಲ್ಲ, ಸರ್ಟಿಫಿಕೇಟೂ ಇಲ್ಲ. ಹಿರಿಯರು ಕಂಡ ಭೂಕಂಪಗಳನ್ನು ಕೇಳಿ ಬರೆದುಕೊಳ್ಳಬೇಕು. ಒಂದು ನೋಟ್‌ಬುಕ್ ಸಾಕು.

1993ರ ಸೆಪ್ಟೆಂಬರ್ 30. ಗಣಪತಿ ಕಳಿಸಿ ಬಂದು ಊರೆಲ್ಲ ಮಲಗಿತ್ತು. ನಸುಕಿನ ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ ಇತ್ತು ಎನ್ನುವುದು ನನಗೆ ಆಮೇಲೆ ಪೇಪರಿನಿಂದ ತಿಳಿದದ್ದು. ಆ ಗಳಿಗೆಯಲ್ಲಿ ತಿಳಿದದ್ದು ಇಷ್ಟೇ: ಹಲಗೆ ಮೇಲಿನ ತಂಬಿಗೆಗಳು ಒಂದಕ್ಕೊಂದು ತಾಗಿ ಸದ್ದಾದವು, ಮಾಳಿಗೆಯ ಮಣ್ಣು ಹಾಸಿಗೆ ಮೇಲೆ ಉದುರಿತು. ಬೆಕ್ಕು ಹೊಕ್ಕಿದೆ ಅಂತ ಬೈದು ಮಗ್ಗುಲಾದೆ. ಬೆಳಗ್ಗೆ ರೇಡಿಯೋ ಕಿಲ್ಲಾರಿ ಹೆಸರು ಹೇಳಿತು. ನಮ್ಮ ಬಸವಕಲ್ಯಾಣದಿಂದ ವಾಯವ್ಯಕ್ಕೆ ನೇರ ಗೆರೆ ಎಳೆದರೆ ನಲವತ್ತೈದು ಕಿ.ಮೀ. ಆಸುಪಾಸು. ಕಂಪನದ ಪ್ರಮಾಣ 6.2. ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ.

ಅಷ್ಟು ಜನರನ್ನು ಕೊಂದದ್ದು ಗೋಡೆ. ಗುಂಡುಕಲ್ಲಿಗೆ ಮಣ್ಣು ಮೆತ್ತಿ ಎರಡು ಅಡಿ ದಪ್ಪ ಏರಿಸುತ್ತಿದ್ದರು. ಒಳಮೈ, ಹೊರಮೈ ಎರಡನ್ನೂ ಹಿಡಿದು ನಿಲ್ಲುವ ಉದ್ದ ಕಲ್ಲು ನಡುನಡುವೆ ಇಡುತ್ತಿರಲಿಲ್ಲ. ನೆಲ ಅಲುಗಿದಾಗ ಎರಡು ಮೈ ಬೇರೆಯಾಗಿ ಹೊರಮೈ ಹೊಟ್ಟೆ ಉಬ್ಬಿ ಕುಸಿಯಿತು, ಮೇಲಿದ್ದ ಮಾಳಿಗೆಯ ಮಣ್ಣೆಲ್ಲ ಮಲಗಿದವರ ಮೇಲೆ ಬಂತು. ನಮ್ಮೂರಲ್ಲಿ ಇಂಥ ಗೋಡೆ ಎಷ್ಟಿವೆ ಅಂತ ಹಳೇ ಓಣಿಯಲ್ಲಿ ಒಂದು ಸುತ್ತು ಹಾಕಿ ಎಣಿಸಿ. ಆ ಲೆಕ್ಕವೂ ನೋಟ್‌ಬುಕ್ಕಿಗೆ ಬೇಕು.

ಕಿಲ್ಲಾರಿ ಆಗ ಭೂಕಂಪ ನಕ್ಷೆಯ ಒಂದನೇ ವಲಯದಲ್ಲಿತ್ತು. ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ನೆಲ. ದೊಡ್ಡ ಕಂಪನ ಆದದ್ದಕ್ಕೆ ದಾಖಲೆ ಇರಲಿಲ್ಲ, ಹಾಗಾಗಿ ಆಗುವುದಿಲ್ಲ ಅಂದುಕೊಂಡರು. 2002ರಲ್ಲಿ ಆ ವಲಯವನ್ನೇ ತೆಗೆದುಹಾಕಿದರು. ದಾಖಲೆ ಅಂದರೆ, ಭಾರತದ ಭೂಕಂಪಗಳ ಹಳೇ ಪಟ್ಟಿ ಭೂವಿಜ್ಞಾನಿ ಥಾಮಸ್ ಓಲ್ಡ್‌ಹ್ಯಾಮ್ ಕೂಡಿಸಿದ್ದು. ಅವರು ತೀರಿದ ಮೇಲೆ ಮಗ 1883ರಲ್ಲಿ ಅಚ್ಚು ಹಾಕಿಸಿದರು. 1843ರ ಏಪ್ರಿಲ್ 1ರ ಬಳ್ಳಾರಿ ಕಂಪನ ಇವತ್ತಿಗೂ ನಮಗೆ ಗೊತ್ತಿದೆ. ಬಳ್ಳಾರಿಯಲ್ಲಿ ದಂಡು ಇತ್ತು, ಬರೆಯುವ ಮಂದಿ ಇದ್ದರು. ಔರಾದ್ ಕಡೆಯ ಹಳ್ಳಿಯಲ್ಲಿ ಅಂದಿನ ಕಾಲಕ್ಕೆ ಗೋಡೆ ಬಿದ್ದಿದ್ದರೆ ಬರೆಯುವವರು ಯಾರಿದ್ದರು?

ಯಂತ್ರ ಇಲ್ಲದ ಕಾಲದ ಕಂಪನವನ್ನು ತೂಗುವುದು ಜನರ ಮಾತಿನಿಂದಲೇ. ಮಲಗಿದವರು ಎದ್ದರೇ, ಪಾತ್ರೆ ಬರೀ ಸದ್ದು ಮಾಡಿತೇ ಅಥವಾ ಕೆಳಗೆ ಬಿತ್ತೇ, ಗೋಡೆ ಬಿರಿಯಿತೇ ಅಥವಾ ಬಿತ್ತೇ. ಇದಕ್ಕೆ ಹನ್ನೆರಡು ಮೆಟ್ಟಿಲಿನ ಅಳತೆ ಇದೆ. ಊರೂರಿನ ಉತ್ತರ ನಕ್ಷೆಯ ಮೇಲೆ ಇಟ್ಟು ಗೆರೆ ಎಳೆದರೆ ಕೇಂದ್ರ ಎಲ್ಲಿತ್ತು, ಬಲ ಎಷ್ಟಿತ್ತು ಎಂಬುದು ಅಂದಾಜಿಗೆ ಸಿಗುತ್ತದೆ. ಅದಕ್ಕೇ ‘ಭಾರಿ ಭೂಕಂಪ’ ಅಂತ ಬರೆಯಬೇಡಿ, ಯಾವ ದಿಕ್ಕಿನ ಗೋಡೆ ಅಂತ ಬರೆಯಿರಿ.

ಕೇಳಿದ್ದನ್ನೆಲ್ಲ ನಂಬಲೂ ಬೇಡಿ. ಬೀದರ್‌ನ ಮಹಮೂದ್ ಗಾವಾನ್ ಮದರಸಾ ಕಟ್ಟಿದ್ದು 1472ರಲ್ಲಿ. ಮುಂಭಾಗದ ಒಂದು ಮಿನಾರು ಇದೆ, ಇನ್ನೊಂದು ಇಲ್ಲ. ಭೂಕಂಪಕ್ಕೆ ಬಿತ್ತು ಅಂತ ನೀವು ಬರೆದರೆ ಮುಗೀತು, ಸುಳ್ಳು ಪಟ್ಟಿ ಸೇರಿತು. ಅದನ್ನು ಕೆಡವಿದ್ದು ಹದಿನೇಳನೇ ಶತಮಾನದ ಕೊನೆಯಲ್ಲಿ ಸಿಡಿದ ಮದ್ದು. ಕಲ್ಕತ್ತೆಯ 1737ರ ಕಥೆ ಇನ್ನೂ ದೊಡ್ಡದು: ಮೂರು ಲಕ್ಷ ಜನ ಸತ್ತ ಭೂಕಂಪ ಅಂತ ಎರಡು ಶತಮಾನ ಪಟ್ಟಿಗಳಲ್ಲಿ ಉಳಿದಿತ್ತು. ಭೂವಿಜ್ಞಾನಿ ರೋಜರ್ ಬಿಲ್‌ಹ್ಯಾಮ್ ಹಳೇ ಕಾಗದಪತ್ರ ತಿರುವಿ ನೋಡಿ 1994ರಲ್ಲಿ ಅದು ಚಂಡಮಾರುತ ಎಂದರು. ಕಣ್ಣಾರೆ ಕಂಡದ್ದಕ್ಕೆ ಒಂದು ಗುರುತು, ಕಿವಿಯಿಂದ ಬಂದದ್ದಕ್ಕೆ ಇನ್ನೊಂದು ಗುರುತು ಹಾಕಿಕೊಳ್ಳಿ. ಉರುಸು, ಜಾತ್ರೆ, ಅಮಾವಾಸ್ಯೆ ಅಂತ ದಿನ ಹೇಳುತ್ತಾರೆ; ಅದನ್ನು ಹಾಗೇ ಬರೆದು ಇಂಗ್ಲಿಷ್ ತಾರೀಖನ್ನು ಪಕ್ಕಕ್ಕೆ ಇಡಿ.

ಈಚಿನ ನಡುಕವನ್ನೂ ಬಿಡಬೇಡಿ. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ 2021ರ ಅಕ್ಟೋಬರ್‌ನಲ್ಲಿ ಮತ್ತೆ ಮತ್ತೆ ನೆಲ ನಡುಗಿ, ಜನ ಮನೆ ಬಿಟ್ಟು ಹೊರಗೆ ಮಲಗಿದರು. ಪ್ರಮಾಣ ಯಂತ್ರಕ್ಕೆ ಸಿಕ್ಕಿತು. ನೆಲದೊಳಗಿನ ಸದ್ದು ಹೇಗಿತ್ತು ಎನ್ನುವುದನ್ನು ಅಲ್ಲಿನ ಮಂದಿಯನ್ನೇ ಕೇಳಬೇಕು. ನಿಮ್ಮ ಬಂಧುಗಳು ಆ ಕಡೆ ಇದ್ದಾರೆ, ಫೋನ್ ನಿಮ್ಮ ಕೈಯಲ್ಲೇ ಇದೆ.

1993ರಲ್ಲಿ ಮೂವತ್ತು ದಾಟಿದ್ದವರು ಈಗ ಅರವತ್ತು ದಾಟಿದ್ದಾರೆ. ಮೊದಲ ಪುಟಕ್ಕೆ ನನ್ನ ಹತ್ತಿರವೇ ಬನ್ನಿ, ಸಂಜೆ ಕಟ್ಟೆ ಮೇಲೆ ಇರುತ್ತೇನೆ. ಬೆಕ್ಕಿನ ವಿಷಯವನ್ನೂ ಬರೆದುಕೊಳ್ಳಿ.